ಮುಂದಿನ ಅಳಿಯನ ವಾಚು

ಎರಡರಲ್ಲಿ ಯಾವುದು ಒಳ್ಳೆಯದು ಎಂದು ಕೇಳುವವರಿಗೆ ಬರವಿಲ್ಲ. ಮುಂಬೈ ಫೋರ್ಟ್‌ನ ನಮ್ಮ ಆಫೀಸಿನಲ್ಲಿ ಗಂಡಸರೇ ಹೆಚ್ಚು, ವಾಚಿನ ಹುಚ್ಚೂ ಅವರಿಗೇ ಹೆಚ್ಚು. ಹೆಂಗಸೊಬ್ಬಳ ಕೈಯಲ್ಲಿ ಒಂದು ವಾರ ಕಪ್ಪು ಡಯಲ್ಲಿನ, ಇನ್ನೊಂದು ವಾರ ಬಿಳಿ ಡಯಲ್ಲಿನ ಸ್ವಿಸ್ ಕ್ರೋನೋಗ್ರಾಫ್ ಕಂಡರೆ ಅವರಿಗೆ ತಡೆಯುವುದಿಲ್ಲ. ಮೊದಲ ಪ್ರಶ್ನೆ, "ಹಸ್ಬೆಂಡ್ ಕಾ ಹೈ ಕ್ಯಾ?" ಹಸ್ಬೆಂಡ್ ಇಲ್ಲ ಎಂದ ಮೇಲೆ ಸ್ವಲ್ಪ ಕೆಮ್ಮಿ, ಎರಡನೆಯ ಪ್ರಶ್ನೆಗೆ ಬರುತ್ತಾರೆ.

ಹೇಳಿಬಿಡುತ್ತೇನೆ. ಕಪ್ಪಿನದು ಕೀಲಿ ಕೊಡುವ ವಾಚು. ದಿನಾ ಬೆಳಿಗ್ಗೆ ತಿರುಪಬೇಕು, ಮರೆತರೆ ನಿಂತುಬಿಡುತ್ತದೆ. ಬಿಳಿಯದು ಆಟೊಮ್ಯಾಟಿಕ್. ಕೈ ಆಡುತ್ತಿದ್ದರೆ ತನ್ನ ಕೀಲಿ ತಾನೇ ಕೊಟ್ಟುಕೊಳ್ಳುತ್ತದೆ. ನಾನಿರುವ ಭಾಂಡುಪ್‌ನಿಂದ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಬಂದರೆ ಸಾಕು, ಅದರ ಹೊಟ್ಟೆ ತುಂಬಿರುತ್ತದೆ. ಎರಡಕ್ಕೂ ಬದಿಯಲ್ಲಿ ಎರಡೆರಡು ಗುಂಡಿ. ಮೇಲಿನದನ್ನು ಒತ್ತಿದರೆ ಸೆಕೆಂಡಿನ ಉದ್ದ ಮುಳ್ಳು ಓಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಕೆಳಗಿನದನ್ನು ಒತ್ತಿದರೆ ಹೊರಟ ಜಾಗಕ್ಕೆ ಮರಳುತ್ತದೆ. ಕೈಗೆ ಕಟ್ಟಿಕೊಂಡ ಸ್ಟಾಪ್‌ವಾಚ್ ಅಂದುಕೊಳ್ಳಿ. ಬಿಳಿಯದರ ಗುಂಡಿ ಬಿಗಿ, ಹೆಬ್ಬೆರಳು ನೋಯುತ್ತದೆ. ವಾಚೂ ದಪ್ಪ, ಕುರ್ತಾದ ತೋಳಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಕಪ್ಪಿನದು ತೆಳ್ಳಗಿದೆ, ಗುಂಡಿ ಮೆತ್ತಗಿದೆ, ಒತ್ತಿದಾಗ ಒಳಗೆ ಟಕ್ ಅಂದದ್ದು ಬೆರಳಿಗೆ ಮುಟ್ಟುತ್ತದೆ. ವಾಚು ಅಂತ ನೋಡಿದರೆ ಕಪ್ಪಿನದೇ ಮೇಲು. ಅದನ್ನು ಆರಿಸಿದವಳು ನಾನೇ. ನನಗಾಗಿ ಅಲ್ಲ, ಅಷ್ಟೇ.

ಈ ಹುಚ್ಚು ಹತ್ತಿಸಿದವನು ಅಪ್ಪ. ಧಾರವಾಡದಿಂದ ಬಂದು ಫೋರ್ಟ್‌ನ ಒಂದು ಬ್ಯಾಂಕಿನಲ್ಲಿ ಜೀವನ ಸವೆಸಿದವನು. ಬ್ಯಾಂಕಿನ ಆಟೋಟಗಳಲ್ಲಿ ಟೈಮ್ ಹಿಡಿಯುವ ಕೆಲಸ ಅವನದು. ಆ ಸ್ಟಾಪ್‌ವಾಚನ್ನು ಮನೆಗೆ ತಂದಾಗ ನಾವಿಬ್ಬರೂ ಮಾಟುಂಗದಿಂದ ದಾದರ್‌ಗೆ ಲೋಕಲ್ ಎಷ್ಟು ಹೊತ್ತಿನಲ್ಲಿ ಮುಟ್ಟುತ್ತದೆ ಎಂದು ಅಳೆಯುತ್ತಿದ್ದೆವು. ಇಡ್ಲಿ ಬೇಯುವುದನ್ನೂ ಅಳೆದು ಅವ್ವನಿಂದ ಬೈಸಿಕೊಂಡಿದ್ದೇವೆ. ರಜೆಯಲ್ಲಿ ನನ್ನನ್ನು ಆಫೀಸಿಗೆ ಕರೆದುಕೊಂಡು ಹೋದರೆ, ವಾಪಸ್ ಬರುವಾಗ ವಾಚಿನ ಅಂಗಡಿಯ ಗಾಜಿನ ಮುಂದೆ ನಿಲ್ಲಿಸಿ, "ನೋಡವಾ, ಇದಕ್ಕ ಕ್ರೋನೋಗ್ರಾಫ್ ಅಂತಾರ. ಎಂದಾರ ಒಂದಿನ ತಗೊಳ್ಳೂಣು" ಅನ್ನುತ್ತಿದ್ದ. ತಗೊಳ್ಳೂಣು ಅಂದರೆ ನಾವಿಬ್ಬರೂ ಅಂತಲೇ ನಾನು ತಿಳಿದಿದ್ದೆ. ದಡ್ಡಿ.

ಆ ಒಂದು ದಿನ ಬಂದದ್ದು ನನ್ನ ಮದುವೆಗೆ. "ಹುಂಡಾ ಅಂತ, ವರದಕ್ಷಿಣಿ ಅಂತ ಒಂದು ಪೈ ಕೊಡಂಗಿಲ್ಲ. ಅಳ್ಯಾಗ ಪ್ರೀತಿಲೆ ಒಂದು ವಾಚು, ಅಷ್ಟ" ಎಂದು ಅಪ್ಪ ಬಂಧುಬಳಗಕ್ಕೆಲ್ಲ ಸಾರಿದ. ಅಂಗಡಿಗೆ ನನ್ನನ್ನೇ ಕರೆದುಕೊಂಡು ಹೋದ. "ನಿನಗ ತಿಳೀತದ, ನೀನ ಆರಿಸು" ಅಂದ. ನಾನು ಒಂದೊಂದನ್ನೂ ಕೈಗೆ ಕಟ್ಟಿ, ಗುಂಡಿ ಒತ್ತಿ, ಕಿವಿಗೆ ಹಿಡಿದು ಆರಿಸಿದೆ. ಆಮೇಲೆ ಅದು ಪೆಟ್ಟಿಗೆಯೊಳಗೆ ಹೋಗಿ, ಮಂಟಪದಲ್ಲಿ ಬೇರೊಬ್ಬನ ಕೈಗೆ ಏರಿತು.

ಆ ಪುಣ್ಯಾತ್ಮ ಒಂದು ದಿನವಾದರೂ ಅದಕ್ಕೆ ನೆಟ್ಟಗೆ ಕೀಲಿ ಕೊಡಲಿಲ್ಲ. ನಿಂತಾಗಲೆಲ್ಲ, "ನಿಮ್ಮಪ್ಪ ಕೆಟ್ಟೋಗಿರೋ ವಾಚ್ ಕೊಟ್ಟವ್ರೆ ಕಣೇ" ಅನ್ನುತ್ತಿದ್ದ. ಬೆಂಗಳೂರಿನವನು. ಬದಿಯ ಗುಂಡಿಗಳು ಚಂದಕ್ಕೆ ಇಟ್ಟದ್ದು ಎಂದು ಕೊನೆಯವರೆಗೂ ನಂಬಿದ್ದ. ಮದುವೆ ಯಾಕೆ ಮುರಿಯಿತು ಎಂಬುದು ಇಲ್ಲಿಗೆ ಬೇಡ. ಮುರಿಯಿತು. ವಕೀಲರ ಕೋಣೆಯಲ್ಲಿ ಅವರವರ ಸಾಮಾನು ಅವರವರಿಗೆ ಹಿಂದಿರುಗಿಸುವ ದಿನ ಮೇಜಿನ ಮೇಲೆ ವಾಚೂ ಬಂತು. ನಾನು ಕೈ ಚಾಚುವ ಮೊದಲೇ ಅಪ್ಪ ಎತ್ತಿಕೊಂಡು ಜೇಬಿಗೆ ಇಳಿಸಿದ.

ಮನೆಗೆ ಬಂದ ಮೇಲೆ ಕೇಳಿದೆ. "ಅಪ್ಪಾ, ಅದನ್ನ ನನಗ ಕೊಡು. ನಾ ಹಾಕ್ಕೋತೀನಿ."

"ಹೆಣ್ಣಮಕ್ಕಳ ಕೈಯಾಗ ಅಷ್ಟು ದೊಡ್ಡದು ಚಂದ ಕಾಣಂಗಿಲ್ಲವಾ. ಇರಲಿ, ಮುಂದ ಬರೋ ಅಳ್ಯಾಗ ಆಗ್ತದ."

ಮೈಯೆಲ್ಲ ಉರಿದುಹೋಯಿತು. ಮದುವೆ ಮುರಿದ ಸಂಕಟವನ್ನಾದರೂ ಹೇಗೋ ನುಂಗಿಕೊಂಡೆ, ಈ ಮಾತು ಮಾತ್ರ ಗಂಟಲಲ್ಲೇ ಉಳಿಯಿತು. ಅಂಗಡಿಗೆ ಹೋಗಿ ಅಂಥದೇ ಇನ್ನೊಂದು ಕೊಳ್ಳಬಹುದಿತ್ತು. ನನಗೆ ಬೇಕಾಗಿದ್ದು ಅದಲ್ಲ. ಅಪ್ಪ ತಾನಾಗಿ, ತನ್ನ ಕೈಯಾರೆ, ಇದು ನಿನ್ನದು ಎಂದು ಆ ವಾಚನ್ನೇ ನನಗೆ ಕಟ್ಟಬೇಕಾಗಿತ್ತು.

ಅವನು ಅದನ್ನು ಮಾಟುಂಗದ ಮನೆಯ ಕಪಾಟಿನಲ್ಲಿ, ದೇವರ ಬೆಳ್ಳಿ ಸಾಮಾನಿನ ಪಕ್ಕ ಇಟ್ಟ. ದಿನಾ ಪೂಜೆ ಮುಗಿಸಿ ತೆಗೆದು ಕೀಲಿ ಕೊಡುತ್ತಿದ್ದ. ಹುಟ್ಟದ ಕೂಸಿಗೆ ಕುಲಾವಿ ಅನ್ನುತ್ತಾರಲ್ಲ, ಹಾಗೆ, ಇಲ್ಲದ ಅಳಿಯನ ಉಪಚಾರ. ಪ್ರಮೋಷನ್ ಆದಾಗ ನಾನು ಹಟಕ್ಕೆ ಬಿದ್ದು ಬಿಳಿ ಡಯಲ್ಲಿನದನ್ನು ಕೊಂಡೆ. ಸೀದಾ ಮಾಟುಂಗಕ್ಕೆ ಹೋಗಿ ಅವನ ಮುಂದೆ ಕೈ ಚಾಚಿದೆ. ಅಪ್ಪ ಕನ್ನಡಕ ಏರಿಸಿ ತಿರುಗಿಸಿ ಮುರುಗಿಸಿ ನೋಡಿದ. "ಭಾಳ ಚಲೋ ಅದ. ಈಗ ಜೋಡಿ ಆತು ನೋಡು. ನಿನಗೊಂದು, ಗಂಡಗೊಂದು." ಅಡುಗೆಮನೆಯಿಂದ ಅವ್ವ, "ಇನ್ನರೆ ಬಿಡ್ರಿ ಆ ಮಾತು" ಅಂದದ್ದು ನನಗೂ ಕೇಳಿಸಿತು, ಅವನಿಗೂ ಕೇಳಿಸಿತು. ಬಿಡಲಿಲ್ಲ.

ಒಂದು ಸಲ ಒಬ್ಬರನ್ನು ಕರೆಸಿಯೂ ಬಿಟ್ಟ. ಹೆಂಡತಿ ತೀರಿಕೊಂಡವರು, ಠಾಣೆಯಲ್ಲೇ ಹುಟ್ಟಿ ಬೆಳೆದವರು, ಕನ್ನಡ ತಡವರಿಸುತ್ತ ಬರುತ್ತಿತ್ತು. ಅವಲಕ್ಕಿ ಚೂಡಾದ ಜೊತೆಗೆ ಅಪ್ಪ ವಾಚನ್ನೂ ತಂದು ಮುಂದಿಟ್ಟ! ಪಾಪ, ಆ ಮನುಷ್ಯ ಏನು ಮಾಡಬೇಕೆಂದು ತಿಳಿಯದೆ ಕಟ್ಟಿಕೊಂಡರು. ನನಗೆ ತಲೆ ಕೆಟ್ಟಿತು. "ಸೆಕೆಂಡ್ ಮುಳ್ಳು ಓಡಿಸಿ ತೋರಸ್ರಿ ನೋಡೋಣ" ಅಂದೆ. ಅವರು ಎರಡೂ ಗುಂಡಿ ಬಿಟ್ಟು ನಡುವಿನ ಕೀಲಿಯನ್ನು ತಿರುಪಿ, "ಹೋ ಗಯಾ ನಾ?" ಎಂದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ವಾಚು ಬಿಚ್ಚಿಟ್ಟು, ಚಹಾ ಕೂಡ ಪೂರ್ತಿ ಕುಡಿಯದೆ ಅವರು ಎದ್ದು ಹೋದರು.

"ಮದವಿ ಅಂದ್ರ ವಾಚಿನ ಪರೀಕ್ಷಾ ಏನ?" ಅಪ್ಪ ಕೂಗಾಡಿದ.

"ಪರೀಕ್ಷಾ ಪಾಸಾದಾಕಿ ಇಲ್ಲೇ ಕೂತಾಳಲ್ಲ!" ನಾನೂ ಕೂಗಿದೆ. ಅವನು ವಾಚಿಗೆ ಕೀಲಿ ತಿರುಪಿ, ಒಳಗಿಟ್ಟು ಕಪಾಟಿನ ಬಾಗಿಲು ಹಾಕಿದ.

ಹೋದ ದೀಪಾವಳಿಯ ಪಾಡ್ಯಕ್ಕೆ ಎಂದಿನಂತೆ ಹೋಗಿದ್ದೆ. ನಮ್ಮಲ್ಲಿ ಅಂದು ಹೆಣ್ಣುಮಕ್ಕಳು ಅಪ್ಪನಿಗೆ ಆರತಿ ಮಾಡುತ್ತೇವೆ, ಅಪ್ಪ ಆರತಿ ತಟ್ಟೆಯಲ್ಲಿ ಏನಾದರೂ ಉಡುಗೊರೆ ಹಾಕುತ್ತಾನೆ. ಬೇರೆ ಮನೆಗಳಲ್ಲಿ ಅಳಿಯಂದಿರ ಉಪಚಾರದ ಗದ್ದಲ ಇರುವ ದಿನ. ನಾನು ಕುಂಕುಮ ಹಚ್ಚಿ ಆರತಿ ಎತ್ತಿದೆ. ಅಪ್ಪ ಜೇಬಿಗೆ ಕೈ ಹಾಕಿ, ನೋಟಿನ ಬದಲು ಕಪ್ಪು ಡಯಲ್ಲಿನ ವಾಚನ್ನು ತಟ್ಟೆಯಲ್ಲಿಟ್ಟ.

ಅವ್ವ ತಟ್ಟೆ ಇಸಿದುಕೊಂಡಳು. ಅಪ್ಪನೇ ವಾಚೆತ್ತಿ ನನ್ನ ಕೈಗೆ ಕಟ್ಟಿದ. ಹಿಂದೊಮ್ಮೆ ಕದ್ದು ಕಟ್ಟಿಕೊಂಡಾಗ ಮೊಣಕೈಗೆ ಜಾರಿದ ಸ್ಟೀಲಿನ ಚೈನು ಅಂದು ಮಣಿಕಟ್ಟಿಗೆ ಸರಿಯಾಗಿ ಕೂತಿತು. ಕೊಂಡಿಗಳನ್ನು ತೆಗೆಸಿ ಅಳತೆ ಮಾಡಿಸಿದ್ದ. ನನ್ನ ಅಳತೆ ಅವನಿಗೆ ಗೊತ್ತಿತ್ತು! ಕಣ್ಣಲ್ಲಿ ನೀರು ತುಂಬಿತು. ಸಣ್ಣ ಹುಡುಗಿಯ ಹಾಗೆ ಮೇಲಿನ ಗುಂಡಿ ಒತ್ತಿದೆ, ಮುಳ್ಳು ಓಡಿತು.

"ಹೆಂಗ ಕಾಣತದ ಅಪ್ಪಾ, ನನ್ನ ಕೈಯಾಗ?"

"ಚಂದ ಕಾಣತದವಾ. ಖರೇನ ಚಂದ ಕಾಣತದ."

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಹಳೆಯದನ್ನೆಲ್ಲ ಮರೆತುಬಿಡುತ್ತಿದ್ದೆ. ಅವನು ಮತ್ತೆ ಜೇಬಿಗೆ ಕೈ ಹಾಕಿ ಒಂದು ಸಣ್ಣ ಪ್ಲಾಸ್ಟಿಕ್ ಪೊಟ್ಟಣ ತೆಗೆದ. ಒಳಗೆ ಚೈನಿನಿಂದ ತೆಗೆಸಿದ ಕೊಂಡಿಗಳು.

"ಇವನ್ನ ಒಗೀಬ್ಯಾಡ, ಜ್ವಾಪಾನ ಇಡು. ಯಾರರೆ ಬಂದಾಗ ಮತ್ತ ಹಾಕಸ್ಲಿಕ್ಕೆ ಬೇಕಾಗ್ತಾವ."

ಮುಳ್ಳು ಇನ್ನೂ ಓಡುತ್ತಿತ್ತು. "ನಾ ಬಂದೀನಲ್ಲಾ ಅಪ್ಪಾ" ಅಂದೆ.

"ನೀ ಮನಿ ಮಗಳು. ನೀ ಏನು ಬರೋದು?" ಎಂದು ಅವನು ನಕ್ಕ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಪ್ರೀತಿಯಿಂದಲೇ ನಕ್ಕ. ಪೊಟ್ಟಣವನ್ನು ಅವನ ಜೇಬಿಗೇ ವಾಪಸ್ ತುರುಕಿ, ಗುಂಡಿ ಒತ್ತಿ ಮುಳ್ಳು ನಿಲ್ಲಿಸಿ, ಹೋಳಿಗೆ ಉಣ್ಣದೆ ಹೊರಟುಬಂದೆ.

ವಾಚನ್ನು ಮಾತ್ರ ಬಿಚ್ಚಲಿಲ್ಲ. ಈಗ ಎರಡೂ ನನ್ನವು. ಕಪ್ಪಿನದಕ್ಕೆ ದಿನಾ ನಾನೇ ಕೀಲಿ ಕೊಡುತ್ತೇನೆ. ಮೊನ್ನೆ ಅವ್ವ ಫೋನಿನಲ್ಲಿ ಹೇಳಿದಳು: ವಾಚು ಇದ್ದ ಜಾಗದಲ್ಲಿ, ದೇವರ ಬೆಳ್ಳಿ ಸಾಮಾನಿನ ಪಕ್ಕ, ಅಪ್ಪ ಈಗ ಆ ಕೊಂಡಿಗಳ ಪೊಟ್ಟಣ ಇಟ್ಟಿದ್ದಾನಂತೆ. ಪೂಜೆ ಆದ ಮೇಲೆ ದಿನಾ ಒಮ್ಮೆ ತೆಗೆದು, ಎಲ್ಲ ಇವೆಯೋ ಇಲ್ಲವೋ ಎಂದು ನೋಡಿ ಇಡುತ್ತಾನಂತೆ.