ಕೈಲ್ ಮುಹೂರ್ತಕ್ಕೆ ಅವ್ವ ಗುಡ್ಡ ಹತ್ತಿದ್ದು

ಮೈಸೂರಿನಿಂದ ಹೊರಟ ಕೆಂಪು ಬಸ್ಸು ಕುಶಾಲನಗರ ಮುಟ್ಟುವಷ್ಟರಲ್ಲಿ ಮಳೆ ಹಿಡಿದಿತ್ತು. ಹೆಂಗಸರಿಗೆ ಟಿಕೆಟ್ಟು ಉಚಿತ. ಆ ಸಂತೋಷಕ್ಕೆ ನಿಲ್ದಾಣದಲ್ಲಿ ಇಳಿದು ಬಿಸಿ ವಡೆ ತಿಂದೆ. ಮಡಿಕೇರಿಯಲ್ಲಿ ಬಸ್ಸು ಬದಲಿಸಿ ಮೂರ್ನಾಡಿಗೆ ಬಂದಾಗ ಹಾಸ್ಟೆಲ್ ಕಾಲದ ಗೆಳತಿ ದೇಚಮ್ಮ ತನ್ನ ಪಿಕಪ್ಪಿನಲ್ಲಿ ಕಾಯುತ್ತಿದ್ದಳು. ಮರುದಿನ ಕೈಲ್ ಮುಹೂರ್ತ, ಕೊಡವರ ಆಯುಧಪೂಜೆ. ಊಟಕ್ಕೆ ಬಾ ಎಂದು ವರ್ಷಗಳಿಂದ ಕರೆಯುತ್ತಿದ್ದವಳ ಮಾತಿಗೆ ಈ ಸಲ ಕಟ್ಟುಬಿದ್ದಿದ್ದೆ.

ಆ ಮನೆಯಲ್ಲಿ ನನಗಿಂತ ಹೆಚ್ಚು ಸಂಭ್ರಮದಲ್ಲಿದ್ದವರು ದೇಚಮ್ಮನ ತಾಯಿ. ನಾನೂ ಅವರನ್ನು ಅವ್ವ ಎಂದೇ ಕರೆಯುವುದು. ಸೊಂಟದ ಮೂಳೆ ಮುರಿದ ಮೇಲೆ ಅವರು ಹಬ್ಬಕ್ಕೆ ಐನ್‌ಮನೆಗೆ, ಅಂದರೆ ಇಡೀ ಕುಟುಂಬದ ಮೂಲಮನೆಗೆ, ಹೋಗಿರಲಿಲ್ಲ. ಅದು ನಾಪೋಕ್ಲು ದಾಟಿ ಒಂದು ಗುಡ್ಡದ ಮೇಲಿದೆ. ಕೊನೆಯ ಏರುದಾರಿ ಮಳೆಗೆ ಕೊಚ್ಚಿಹೋಗಿ ಜೀಪೂ ಹತ್ತದಂತಾಗಿದೆ. ತೋಟದ ಎಟಿವಿ, ಆ ದಪ್ಪ ಚಕ್ರದ ಸಣ್ಣ ಗಾಡಿ, ಹತ್ತುತ್ತದೆ ನಿಜ. ಆದರೆ ಹೋದ ವರ್ಷ ಅದು ಪಕ್ಕಕ್ಕೆ ವಾಲಿದ್ದೇ ತಡ, ಅವ್ವ ಅರ್ಧ ದಾರಿಯಿಂದ ವಾಪಸಾಗಿದ್ದರು.

ಹಾಗಾಗಿ ಈ ಸಲ ದೇಚಮ್ಮ ಗಾಡಿಗೆ ಸ್ಪೇಸರ್ ಹಾಕಿಸಿದ್ದಳು. ಹಬ್ಬಿಗೂ, ಅಂದರೆ ಚಕ್ರ ಕೂರುವ ಅಚ್ಚಿನ ತುದಿಗೂ, ಚಕ್ರಕ್ಕೂ ನಡುವೆ ಕೂರುವ ದಪ್ಪನೆಯ ಅಲ್ಯೂಮಿನಿಯಂ ಬಿಲ್ಲೆಗಳು ಅವು. ಚಕ್ರಗಳು ಹೊರಕ್ಕೆ ಸರಿದು ಗಾಡಿ ಕಾಲಗಲಿಸಿ ನಿಂತ ಹಾಗಾಗುತ್ತದೆ. ಮೂರ್ನಾಡಿನ ಮೆಕ್ಯಾನಿಕ್ಕು ಹಬ್ಬಿನ ತುಕ್ಕು ಉಜ್ಜಿ, ಎರಡೂ ಬದಿಗೆ ಒಂದೇ ಅಳತೆಯದನ್ನು ಕೂರಿಸಿ, ಬುದ್ಧಿಮಾತನ್ನೂ ಹೇಳಿದ್ದನಂತೆ: ಒಂದರ ಮೇಲೊಂದು ಬಿಲ್ಲೆ ಸೇರಿಸಬಾರದು, ಗಾಡಿ ಅಗಲವಾಗಿದೆ ಎಂಬುದನ್ನು ಅಂಚಿನಲ್ಲಿ ಮರೆಯಬಾರದು, ಸ್ಪೇಸರ್ ಇದೆಯೆಂದು ಜೋರು ಬಿಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಸ್ವಲ್ಪ ಓಡಿಸಿದ ಮೇಲೆ ಚಕ್ರ ಬಿಚ್ಚಿ ಬಿಲ್ಲೆ ಹಿಡಿದಿರುವ ಒಳಗಿನ ನಟ್ಟುಗಳನ್ನು ಮತ್ತೊಮ್ಮೆ ಬಿಗಿಮಾಡದೆ ಯಾರನ್ನೂ ಕೂರಿಸಬಾರದು.

ಬೆಳಿಗ್ಗೆ ಎಟಿವಿಯನ್ನು ಪಿಕಪ್ಪಿಗೇರಿಸಿ ಹೊರಟೆವು. ನಾಪೋಕ್ಲಿನ ಗದ್ದೆಗಳಲ್ಲಿ ನಾಟಿ ಮುಗಿದು ಎಲ್ಲೆಲ್ಲೂ ಎಳೆ ಹಸಿರು. ಅವ್ವ ರೇಷ್ಮೆ ಸೀರೆಯನ್ನು ಕೊಡವ ರೀತಿಯಲ್ಲಿ ಉಟ್ಟು, ದಾರಿಯುದ್ದಕ್ಕೂ ಯಾರ ಗದ್ದೆ ಯಾವುದೆಂದು ನನಗೆ ತೋರಿಸುತ್ತಾ ಬಂದರು. ಗುಡ್ಡದ ಬುಡದಲ್ಲಿ ಗಾಡಿ ಇಳಿಸಿದೆವು. ನಟ್ಟು ಬಿಗಿಮಾಡಲು ಸೀಟಿನ ಕೆಳಗೆ ಕೈಹಾಕಿದ ದೇಚಮ್ಮ ಹಾಗೇ ನಿಂತುಬಿಟ್ಟಳು.

"ಎಲ್ಲಾ ಪೂಜೆಗೆ ಕಳಿಸ್ಬಿಟ್ಟೆ, ಮಾರಾಯ್ತಿ," ಎಂದಳು.

ಕೋವಿ, ಕತ್ತಿಗಳ ಜೊತೆ ಮನೆಯ ಕಬ್ಬಿಣವೆಲ್ಲ ಹಬ್ಬಕ್ಕೆ ಐನ್‌ಮನೆಯ ದೇವರ ಕೋಣೆ ಸೇರಬೇಕು. ಹಿಂದಿನ ದಿನ ಅವಳು ಅಭ್ಯಾಸಬಲದಿಂದ ಸ್ಪ್ಯಾನರುಗಳನ್ನೂ ಟಾರ್ಕ್ ರೆಂಚನ್ನೂ, ಅಂದರೆ ನಟ್ಟು ಸಾಕಷ್ಟು ಬಿಗಿಯಾದ ಕೂಡಲೇ ಟಿಕ್ ಎನ್ನುವ ಉದ್ದ ಹಿಡಿಯ ಸಾಧನವನ್ನೂ, ತೊಳೆದೊರೆಸಿ ಮೇಲಕ್ಕೆ ಕಳಿಸಿದ್ದಳು. ಅಲ್ಲಿಟ್ಟದ್ದನ್ನು ಪೂಜೆ ಮುಗಿಯುವ ತನಕ ಯಾರೂ ಮುಟ್ಟುವಂತಿಲ್ಲ. ಪಿಕಪ್ಪಿನ ಸ್ಪ್ಯಾನರ್ ಈ ನಟ್ಟಿಗೆ ಕೂರಲಿಲ್ಲ.

ಅವ್ವ ಮುಖ ಸಣ್ಣದು ಮಾಡಿಕೊಂಡರು. "ಇಷ್ಟು ದೂರ ಬಂದಿದ್ದೇವಲ್ಲ. ನಿಧಾನಕ್ಕೆ ಹೋದ್ರೆ ಎಂತ ಆಗ್ತದೆ?"

ದೇಚಮ್ಮ ಆಗದು ಎಂದಳು. ಅವ್ವ ಬೇಡಿದರು, ಆಮೇಲೆ ತಮ್ಮ ಭಾಷೆ ಕೊಡವ ತಕ್ಕಿನಲ್ಲಿ ಬೈದರು. ಅವಳು ಬಗ್ಗಲಿಲ್ಲ. ಐನ್‌ಮನೆಯ ಹಿರಿಯರಾದ ದೊಡ್ಡಪ್ಪನಿಗೆ ಫೋನು ಮಾಡಿದಳು. ಪೂಜೆಗಿಟ್ಟದ್ದನ್ನು ಎತ್ತುವುದು ಹೇಗೆ ಎಂದಷ್ಟೇ ಹೇಳಿ ಅವರು ಫೋನು ಇಟ್ಟರು. ಅವ್ವ ಪಿಕಪ್ಪಿನ ಬಾಗಿಲಿಗೆ ಆತು ಕೂತು ಕಣ್ಣೊರೆಸಿಕೊಂಡರು.

ಬಹಳ ಹೊತ್ತಾದ ಮೇಲೆ ದಾರಿಯ ತಿರುವಿನಲ್ಲಿ ಒಂದು ಕಪ್ಪು ಕೊಡೆ ಕಾಣಿಸಿತು. ದೊಡ್ಡಪ್ಪನೇ! ಕೊಡವರ ಕಪ್ಪು ನಿಲುವಂಗಿ ಕುಪ್ಯದ ಮೇಲೆ ಕೆಂಪು ಚೇಲೆಯನ್ನು ನಡುವಿಗೆ ಬಿಗಿದು, ಬಿಳಿ ಬಟ್ಟೆಯಲ್ಲಿ ಸುತ್ತಿದ ರೆಂಚನ್ನೂ ಸ್ಪ್ಯಾನರನ್ನೂ ಎದೆಗವಚಿಕೊಂಡು ಜಾರುವ ದಾರಿಯಲ್ಲಿ ಇಳಿದು ಬಂದಿದ್ದರು. ಜೇಬಿನಲ್ಲಿ ಪುಟ್ಟ ದೀಪ, ಗಂಧ, ಹಬ್ಬದಂದು ಕೋವಿಗೆ ಸಿಕ್ಕಿಸುವ ತೋಕ್ ಪೂ ಎಂಬ ಹೂವು. ಗಾಡಿಯ ಮುಂದೆ ಬಟ್ಟೆ ಹಾಸಿ ಎರಡನ್ನೂ ಇಟ್ಟು, ಕೊಡೆಯ ಮರೆಯಲ್ಲಿ ದೀಪ ಹಚ್ಚಿದರು.

"ಇವುಗಳ ಪೂಜೆ ಇಲ್ಲೇ ಮುಗಿಸುವ. ಉಳಿದದ್ದು ಮೇಲೆ," ಎಂದು ಅವ್ವನ ಕಡೆ ತಿರುಗಿದರು. "ಮೊದಲ ಬೊಟ್ಟು ನೀನೇ ಇಡು. ನೀನು ಬರದೆ ಅಲ್ಲಿ ಶುರು ಮಾಡೂದಿಲ್ಲ."

ಅವ್ವ ಗಂಧದ ಬೊಟ್ಟು ಇಟ್ಟರು. ಕುಟುಂಬದ ಮೂಲಪುರುಷ ಗುರುಕಾರಣನ ಹೆಸರು ಹೇಳಿ ಎಲ್ಲರೂ ಕೈಮುಗಿದೆವು. ಆ ಮನೆಯ ಹಿರೀಕ ನನಗೆ ಏನೂ ಆಗಬೇಕಾದವನಲ್ಲ, ಆದರೂ ಮನಸಾರೆ ಮುಗಿದೆ.

ದೇಚಮ್ಮ ಪಿಕಪ್ಪಿನ ಜಾಕು ಕೊಟ್ಟು, ಸ್ಪ್ಯಾನರಿನಿಂದ ಒಂದೊಂದೇ ಚಕ್ರ ಬಿಚ್ಚಿದಳು. ಮೂರು ಚಕ್ರಗಳ ಸ್ಪೇಸರಿನಲ್ಲಿ ರೆಂಚು ಇಟ್ಟ ಕೂಡಲೇ ಟಿಕ್ ಎಂದಿತು. ಹಿಂದಿನ ಎಡಗಡೆಯದರಲ್ಲಿ ಮಾತ್ರ ಒಂದು ನಟ್ಟು ಅರ್ಧ ಸುತ್ತು ತಿರುಗಿದ ಮೇಲೆ ಸದ್ದು ಬಂತು. ಅಷ್ಟು ಸಡಿಲವಾಗಿತ್ತು ಅದು. ಅವಳು ಎಲ್ಲವನ್ನೂ ಇನ್ನೊಂದು ಸಲ ನೋಡಿ, ಚಕ್ರಗಳನ್ನು ಹಾಕಿ, ಅವ್ವನನ್ನು ಹಿಂದೆ ಕೂರಿಸಿಕೊಂಡಳು. ನಾನೂ ದೊಡ್ಡಪ್ಪನೂ ಹಿಂದೆ ನಡೆದೆವು. ವಾಲುವ ಜಾಗದಲ್ಲಿ ಗಾಡಿ ನೆಲ ಕಚ್ಚಿಕೊಂಡೇ ಹೋಯಿತು, ಅವ್ವ ಕಣ್ಣು ಮುಚ್ಚಿಕೊಂಡಿದ್ದರು.

ಮೇಲೆ ಅಂಗಳದ ತುಂಬ ಜನ. ಅವ್ವ ಇಳಿದ ಮೇಲೆಯೇ ಪೂಜೆ ಶುರುವಾಯಿತು. ಅಕ್ಕಿ ತರಿಯ ಉಂಡೆ ಕಡಂಬುಟ್ಟು, ಪಂದಿ ಕರಿಯ ಊಟ. ಹಂದಿ ತಿನ್ನದ ನನಗಾಗಿ ಬೇರೆಯೇ ಅಣಬೆ ಸಾರು ಮಾಡಿಸಿದ್ದರು. ಯಾರದೋ ಮನೆಯ ಹಬ್ಬದಲ್ಲಿ ನನಗಿಷ್ಟು ಜಾಗ ಸಿಕ್ಕಿದ್ದಕ್ಕೆ ಯಾರಿಗೆ ಥ್ಯಾಂಕ್ಸ್ ಹೇಳಬೇಕೋ ತಿಳಿಯದೆ ಎಲ್ಲರಿಗೂ ಹೇಳಿದೆ.

ರಾತ್ರಿ ಮಳೆ ಬರಲಿಲ್ಲ. ಮರುದಿನ ಇಳಿಯುವಾಗ ದಾರಿ ಕುಸಿದ ಜಾಗದಲ್ಲಿ ಅವ್ವ ಗಾಡಿ ನಿಲ್ಲಿಸಲು ಹೇಳಿದರು. ಹಸಿಮಣ್ಣಿನಲ್ಲಿ ನಿನ್ನೆಯ ಚಕ್ರದ ಗುರುತು ಹಾಗೇ ಇತ್ತು. ಹಿಂದಿನ ಎಡ ಚಕ್ರ ಅಂಚಿನಿಂದ ಒಂದೇ ಗೇಣು ಒಳಗೆ ಹಾದುಹೋಗಿತ್ತು. ಅಂಚಿನ ಕೆಳಗೆ, ದೂರದಲ್ಲಿ, ಗದ್ದೆಯ ನೀರು ಹೊಳೆಯುತ್ತಿತ್ತು.

ಅವ್ವ ಆ ಗುರುತನ್ನೇ ನೋಡಿದರು. ಆಮೇಲೆ ಮಗಳ ಬೆನ್ನ ಮೇಲೆ ಕೈಯಿಟ್ಟು, ನನಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದರು: "ನಿನ್ನೆ ನೀನು ನನ್ನ ಮಾತು ಕೇಳ್ಲಿಲ್ಲ ಅಲ್ವಾ. ಒಳ್ಳೇದಾಯ್ತು, ಮಗಳೇ."