ಬೆಲೆ ಹೇಳಬಾರದ ಬಳಗ

ಹಮೀದಾಕ, ಸುಮತಿಯಕ್ಕನ ಚಿನ್ನದ ನಾಣ್ಯಕ್ಕೆ ಹೊಂಚು ಹಾಕಿದ್ದು ನೀವಲ್ಲ, ನಾನು. ಹೊಂಚು ಹಾಕಿದ್ದಷ್ಟೇ ಅಲ್ಲ, ಹೊಡೆದದ್ದೂ ನಾನೇ. ಬಿ.ಸಿ. ರೋಡಿನ ಹೋಟೆಲಿನ ಮಹಡಿಯಲ್ಲಿ, ಅಷ್ಟು ಜನರ ಎದುರು, ನಿಮ್ಮ ಕಡೆಗೆ ಬೆರಳು ತೋರಿಸಿ ನಾನು ಆಡಿದ ಮಾತು ಅಪ್ಪಟ ಸುಳ್ಳು. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು — ಬೇಕಾಯಿತು ಎನ್ನುವುದೂ ನಾಟಕವೇ. ಬರೆಯದೆ ಹಾಯಾಗಿದ್ದೆ, ಅಷ್ಟೆ.

ನಿಮಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಬೇರೆಯವರೂ ಓದಲಿ ಎಂದು. ಎರಡು ಸಾವಿರದ ಏಳೆಂಟರ ಕಾಲ. ಮೂಡುಬಿದಿರೆಯಲ್ಲಿ ನನ್ನ ಹಲ್ಲಿನ ಕ್ಲಿನಿಕ್, ಬಂಟ್ವಾಳ ಪೇಟೆಯಲ್ಲಿ ನಿಮ್ಮ ಕೊಡೆ, ಟಾರ್ಚುಗಳ ಅಂಗಡಿ. ಇಬ್ಬರಿಗೂ ಹಳೆಯ ನಾಣ್ಯಗಳ ಹುಚ್ಚು. ಮನೆಗೆ ಇಂಟರ್ನೆಟ್ ಬಂದ ಹೊಸತರಲ್ಲಿ ನಾನು ಈ ಕಡೆಯ ನಾಣ್ಯಪ್ರಿಯರಿಗಾಗಿ ಅದರಲ್ಲೊಂದು ಬಳಗ ತೆರೆದೆ. ಫೋಟೊ ಹಾಕುವುದು, ಯಾವ ಅರಸರ ಕಾಲದ್ದೆಂದು ಕೇಳುವುದು, ತಿಂಗಳಿಗೊಮ್ಮೆ ಬಿ.ಸಿ. ರೋಡಿನಲ್ಲಿ ಸೇರಿ ಚಹಾ ಕುಡಿಯುವುದು. ನಿಯಮ ನಾನೇ ಬರೆದೆ: ಇಲ್ಲಿ ಮಾರುವಂತಿಲ್ಲ, ಕೊಳ್ಳುವಂತಿಲ್ಲ, ಬೆಲೆಯ ಮಾತೇ ಕೂಡದು, ಬೇಕಿದ್ದರೆ ನಾಣ್ಯಕ್ಕೆ ನಾಣ್ಯ ಬದಲಾಯಿಸಿಕೊಳ್ಳಿ. ದುಡ್ಡು ಬಂದಲ್ಲಿ ಪ್ರೀತಿ ಉಳಿಯುವುದಿಲ್ಲ ಎಂದು ಉದ್ದುದ್ದ ಕೊರೆದಿದ್ದೆ. ಎಲ್ಲರೂ ಕೊಂಡಾಡಿದರು. ಈಗ ಅದನ್ನು ಓದಿದರೆ ವಾಕರಿಕೆ ಬರುತ್ತದೆ.

ಯಾಕೆಂದರೆ ಬೆಲೆಯ ಮಾತೇ ಬಾರದ ಕಡೆ, ಬೆಲೆ ಗೊತ್ತಿದ್ದವನದೇ ದರ್ಬಾರು. ಬೆಂಗಳೂರಿನ ಹರಾಜಿನ ಪಟ್ಟಿಗಳನ್ನು ತರಿಸಿ ಓದುತ್ತಿದ್ದವನು ನಾನೊಬ್ಬನೇ. ನಿಯಮ ಮಾಡುವಾಗಲೇ ಆ ಲೆಕ್ಕಾಚಾರ ನನ್ನ ತಲೆಯಲ್ಲಿತ್ತೇ? ಇರಲಿಲ್ಲ ಎಂದು ಬರೆಯಲು ಕೈ ತುರಿಸುತ್ತದೆ. ಆದರೆ ಹೊಸಬರು ಯಾರೇ ಒಳ್ಳೆಯ ನಾಣ್ಯ ತೋರಿಸಿದರೂ ಮೊದಲು ಅವರ ಮನೆಗೆ ಹೋಗುತ್ತಿದ್ದವನು ನಾನು — ಇಷ್ಟು ಸಾಕಲ್ಲ.

ಲಾಯಿಲದ ಸುಮತಿಯಕ್ಕ ಬಳಗಕ್ಕೆ ಹೊಸಬರು. ಅತ್ತೆ ತೀರಿಕೊಂಡ ಮೇಲೆ ಅವರ ಒಡವೆಯ ಪೆಟ್ಟಿಗೆಯಲ್ಲಿ ಸಿಕ್ಕಿದ, ಉಗುರಿನಷ್ಟು ಚಿಕ್ಕದೊಂದು ನಾಣ್ಯದ ಫೋಟೊ ಹಾಕಿ, "ಇದು ಎಂತದ್ದು? ಇದಕ್ಕೆ ಎಷ್ಟಾಗ್ತದೆ?" ಎಂದು ಕೇಳಿದ್ದರು. ಮೇಲೆ ಎರಡು ಮೀನು. ಈ ತುಳುನಾಡನ್ನೇ ಆಳಿದ ಆಳುಪರ ಚಿನ್ನದ ನಾಣ್ಯ! ನನ್ನ ಬಾಯಲ್ಲಿ ನೀರೂರಿತು — ಹೌದು, ನಾಣ್ಯ ನೋಡಿ. ಬೆಲೆ ಕೇಳುವುದು ನಿಯಮಕ್ಕೆ ವಿರುದ್ಧ ಎಂದು ಗಂಭೀರವಾಗಿ ಬರೆದು ಫೋಟೊವನ್ನು ಅಳಿಸಿದೆ. ಭಾನುವಾರ ಅವರ ಮನೆಯ ಜಗಲಿಯಲ್ಲಿ ಕುಳಿತಿದ್ದೆ.

"ಮಾಸಿ ಹೋಗಿತ್ತು ಡಾಕ್ಟ್ರೇ, ಅಂಟುವಾಳದಲ್ಲಿ ಉಜ್ಜಿ ತೊಳೆದೆ" ಎಂದು ಅವರು ಮಗುವಿನ ಹಾಗೆ ಹಿಗ್ಗಿ ತೋರಿಸಿದರು. ನಾನು ಮುಖ ಸಣ್ಣ ಮಾಡಿಕೊಂಡೆ. "ಅಯ್ಯೋ, ತೊಳೆದುಬಿಟ್ರಾ? ತೊಳೆದ ನಾಣ್ಯಕ್ಕೆ ಇನ್ನು ಬೆಲೆ ಇಲ್ಲ ಅಕ್ಕ."

ತಾಮ್ರವನ್ನೋ ಬೆಳ್ಳಿಯನ್ನೋ ಉಜ್ಜಿದರೆ ನಾಣ್ಯದ ಬೆಲೆ ಇಳಿಯುವುದು ನಿಜ. ಚಿನ್ನಕ್ಕೆ ಅಂಟುವಾಳದ ನೀರು ಏನೂ ಮಾಡುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಸುಮತಿಯಕ್ಕನ ಮುಖ ಬಾಡಿತು. "ನನ್ನ ಕೈಯಾರೆ ಹಾಳು ಮಾಡಿದೆನಲ್ಲ" ಎಂದು ಎರಡೆರಡು ಸಲ ಹೇಳಿಕೊಂಡರು. ನಾನು — ನಾನು ಅವರಿಗೆ ಸಮಾಧಾನ ಹೇಳಿದೆ! ಅಭ್ಯಾಸಕ್ಕೆ ಇಟ್ಟುಕೊಳ್ಳುತ್ತೇನೆ ಎಂದು ನಾಣ್ಯವನ್ನು ಜೇಬಿಗಿಳಿಸಿ, ನಿಯಮದಂತೆ ಬದಲಿಗೆ ಎಲ್ಲೆಂದರಲ್ಲಿ ಸಿಗುವ ಐದು ತೂತಿನ ಕಾಸು ಕೊಟ್ಟೆ. ಮೊಮ್ಮಕ್ಕಳಿಗೆ ತೋರಿಸಲಿಕ್ಕಾಯಿತು ಎಂದು ಅವರಿಗೆ ಸಂತೋಷವೇ ಆಯಿತು. ಹೊರಡುವಾಗ ಹಿತ್ತಲಿನ ಬಸಳೆ ಕೊಯ್ದು ಕಟ್ಟಿಕೊಟ್ಟರು. ಆ ಬಸಳೆಯ ಪದಾರ್ಥವನ್ನು ನಾನು ಚಪ್ಪರಿಸಿ ಉಂಡೆ. ಥೂ.

ಅಳಿಸುವ ಮೊದಲೇ ಆ ಫೋಟೊ ನಿಮ್ಮ ಕಣ್ಣಿಗೆ ಬಿದ್ದಿತ್ತು ಎಂದು ನನಗೇನು ಗೊತ್ತು! ನೀವು ಅವರಿಗೆ ಫೋನ್ ಮಾಡಿ, ನಾಣ್ಯ ನನ್ನ ಕೈ ಸೇರಿದ್ದನ್ನು ತಿಳಿದು, ನೇರ ಕ್ಲಿನಿಕ್ಕಿಗೆ ಬಂದಿರಿ. ಕೂಗಾಡಲಿಲ್ಲ. ರೋಗಿಗಳೆಲ್ಲ ಹೋಗುವವರೆಗೆ ಹೊರಗೆ ಕಾದು, ಬಾಗಿಲು ಓರೆ ಮಾಡಿ ಮೆಲ್ಲಗೆ ಹೇಳಿದಿರಿ: "ಚಿನ್ನಕ್ಕೆ ಅಂಟುವಾಳ ಎಂತ ಮಾಡ್ತದೆ ಡಾಕ್ಟ್ರೇ? ನಿಮಗೆ ಗಡಿಬಿಡಿಯಲ್ಲಿ ತಪ್ಪಿರಬೇಕು. ಹಿಂದೆ ಕೊಟ್ಟುಬಿಡಿ. ನಾನು ಯಾರಲ್ಲಿಯೂ ಹೇಳುವುದಿಲ್ಲ."

ತಪ್ಪಿಸಿಕೊಳ್ಳುವ ದಾರಿಯನ್ನೂ ನೀವೇ ತೋರಿಸಿದ್ದಿರಿ. "ಆಯ್ತು, ನೋಡುವ" ಎಂದೆ. ನೀವು ನಂಬಿ ಹೋದಿರಿ.

ಸಂಜೆ ಸುಮತಿಯಕ್ಕನ ಫೋನ್. "ಹಮೀದಾಕ ಬೆಳಿಗ್ಗೆ ಫೋನಿನಲ್ಲಿ ಹೇಳಿದ್ರು, ಅದಕ್ಕೆ ತುಂಬ ಬೆಲೆ ಉಂಟಂತೆ. ಹೌದಾ ಡಾಕ್ಟ್ರೇ?" ನಾನು ನಕ್ಕೆ. "ಅವರಿಗೇ ಅದು ಬೇಕು ಅಕ್ಕ. ನನ್ನಿಂದ ವಾಪಸ್ ತರಿಸಿ ನಿಮ್ಮ ಕೈಯಿಂದ ಹೊಡೆಯುವ ಅಂದಾಜು. ಗೊತ್ತುಂಟಲ್ಲ, ವ್ಯಾಪಾರದವರು..." ಎಂದು ಅರ್ಧಕ್ಕೇ ನಿಲ್ಲಿಸಿದೆ. ನಿಮ್ಮ ಜಾತಿಯ ಹೆಸರನ್ನು ನಾನು ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ. ಆ ದಿನಗಳಲ್ಲಿ ನಮ್ಮೂರಿನ ಗಾಳಿ ಹೇಗಿತ್ತೆಂದು ನಮ್ಮಿಬ್ಬರಿಗೂ ಗೊತ್ತು. ಅರ್ಧಕ್ಕೆ ಬಿಟ್ಟ ಮಾತನ್ನು ಕೇಳಿದವರೇ ತುಂಬಿಸಿಕೊಳ್ಳುತ್ತಿದ್ದರು. ಅದನ್ನು ನೆಚ್ಚಿಕೊಂಡೇ ನಾನು ನಿಲ್ಲಿಸಿದ್ದು. ನಾಣ್ಯ ಹೊಡೆದದ್ದಕ್ಕಿಂತ ಇದು ಹೇಸಿಗೆ.

ಆಮೇಲೆ ಬಂತು ತಿಂಗಳ ಸಭೆ. ನೀವು ಎದ್ದು ನಿಂತಿರಿ. ನನ್ನ ಹೆಸರು ತೆಗೆಯಲಿಲ್ಲ. "ಬಳಗದಲ್ಲಿ ಮಾರುವುದಕ್ಕೆ, ಕೊಳ್ಳುವುದಕ್ಕೆ ಅವಕಾಶ ಕೊಡುವ. ಬೆಲೆ ಎಲ್ಲರ ಎದುರು ಹೇಳಲಿ. ಆಗ ಗೊತ್ತಿಲ್ಲದವರಿಗೂ ಗೊತ್ತಾಗ್ತದೆ. ಮೋಸ ಆಗುವುದು ಗುಟ್ಟಿನಲ್ಲಿ ಮಾರಾಯ್ರೇ" ಎಂದು ನನ್ನನ್ನೇ ನೋಡಿದಿರಿ. ಅದು ನನಗೆ ಕೊಟ್ಟ ಎರಡನೆಯ ಅವಕಾಶ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿದ್ದು ಒಂದೇ — ಇವರು ಬಾಯಿ ಬಿಡುವ ಮೊದಲು ನಾನು ಬಿಡಬೇಕು.

"ಇವರಿಗೆ ಇದು ಯಾಕೆ ಬೇಕು ಗೊತ್ತುಂಟಾ?" ಎಂದೆ. "ಸುಮತಿಯಕ್ಕನ ನಾಣ್ಯಕ್ಕೆ ಹೊಂಚು ಹಾಕಿದವರು ಇವರೇ. ನಮಗೆ ಬೇಡ ಈ ವ್ಯಾಪಾರದ ಬುದ್ಧಿ!"

ಚಪ್ಪಾಳೆ ಬಿತ್ತು. ನಿಜವಾಗಿಯೂ ಚಪ್ಪಾಳೆ ಬಿತ್ತು, ಹಮೀದಾಕ. ಮೂಲೆಯಲ್ಲಿದ್ದ ಸುಮತಿಯಕ್ಕ ಎದ್ದು, "ನಿಮ್ಮನ್ನು ಅಣ್ಣ ಅಂತ ಎಣಿಸಿದ್ದೆ. ನೀವು ಹೀಗೆ ಮಾಡಬಾರದಿತ್ತು" ಎಂದರು. ನೀವು ಮಾರಾಟಕ್ಕೆ ಅವಕಾಶ ಬೇಕೆಂದು ಆಗಷ್ಟೇ ಕೇಳಿದವರು. ಇನ್ನು ಏನು ಹೇಳಿದರೂ ಆಸೆಬುರುಕತನವೆಂದೇ ಕಾಣುತ್ತಿತ್ತು. ನೀವು ಮೆಟ್ಟಿಲಿಳಿದು ಹೋದಿರಿ. ಮನೆಗೆ ಹೋದವನೇ ನಿಮ್ಮ ಹೆಸರನ್ನು ಬಳಗದಿಂದ ತೆಗೆದುಹಾಕಿದೆ. ಮಾತು ಪೇಟೆಗೂ ಹಬ್ಬಿತು. ನಿಮ್ಮ ಅಂಗಡಿಯಲ್ಲಿ ನಾಣ್ಯ ಹರಡಿಕೊಂಡು ಹರಟುತ್ತಿದ್ದವರು ಆ ದಾರಿಯನ್ನೇ ಬಿಟ್ಟರು. ತಿಂಗಳು ತುಂಬುವ ಮೊದಲೇ ನಾನು ಆ ನಾಣ್ಯವನ್ನು ಬೆಂಗಳೂರಿನ ವ್ಯಾಪಾರಿಯೊಬ್ಬನಿಗೆ ಮಾರಿದೆ. ಬಂದ ದುಡ್ಡಿನಿಂದ ಕ್ಲಿನಿಕ್ಕಿನ ನೆಲಕ್ಕೆ ಗ್ರಾನೈಟ್ ಹಾಸಿಸಿದೆ.

ಎರಡು ವರ್ಷ ಕಳೆದು ನೀವು ಅದೇ ನೆಲ ತುಳಿದು ಬಂದಿರಿ. ಮೂಡುಬಿದಿರೆಯ ಮಗಳ ಮನೆಗೆ ಬಂದವರಿಗೆ ದವಡೆ ಹಲ್ಲಿನ ನೋವು ತಡೆಯದಾಗಿತ್ತು. ಇಂಜೆಕ್ಷನ್ ಕೊಟ್ಟು, ಜೋಮು ಹಿಡಿಯಲಿ ಎಂದು ಕಾದು ಕುಳಿತೆ. ಕೋಣೆಯಲ್ಲಿ ನಾವಿಬ್ಬರೇ. ಆಗ ಹೇಳಬಹುದಿತ್ತು. ನಾಲಿಗೆ ಹೊರಳಲಿಲ್ಲ — ನಿಮ್ಮದಲ್ಲ, ನನ್ನದು. ಹಲ್ಲು ಕಿತ್ತೆ. ದುಡ್ಡು ಬೇಡ ಎಂದೆ. ಅದೂ ಒಂದು ಸಣ್ಣತನ. ಒಂದು ಹಲ್ಲಿನಲ್ಲಿ ಎಲ್ಲ ಚುಕ್ತಾ ಮಾಡುವ ಆಸೆ. ನೀವು ಬಾಯಲ್ಲಿ ಹತ್ತಿ ಕಚ್ಚಿಕೊಂಡೇ, "ಎಷ್ಟಾಯ್ತು ಹೇಳಿ ಡಾಕ್ಟ್ರೇ" ಎಂದು, ನಾನು ಹೇಳುವವರೆಗೆ ಕದಲಲಿಲ್ಲ.

ಹಾಗಾದರೆ ಅದನ್ನೂ ಹೇಳಿಬಿಡುತ್ತೇನೆ. ಆ ನಾಣ್ಯವನ್ನು ಮಾರಿದ್ದು ಅರುವತ್ತೆಂಟು ಸಾವಿರ ರೂಪಾಯಿಗೆ.

ಮೊನ್ನೆ ಅಷ್ಟನ್ನೂ, ಅದರ ಮೇಲೆ ಇನ್ನಷ್ಟನ್ನೂ ಕಟ್ಟಿಕೊಂಡು ಲಾಯಿಲಕ್ಕೆ ಹೋಗಿ ಸುಮತಿಯಕ್ಕನಿಗೆ ಎಲ್ಲ ಹೇಳಿದೆ. ಬೈಯುತ್ತಾರೆ, ಅಳುತ್ತಾರೆ ಎಂದುಕೊಂಡಿದ್ದೆ. ದುಡ್ಡಿನ ಕಡೆ ಅವರು ತಿರುಗಿಯೂ ನೋಡಲಿಲ್ಲ. "ಹಮೀದಾಕನಿಗೆ ಹೇಳಿದ್ರಾ?" ಎಂದು ಕೇಳಿದರು. ಇಲ್ಲ ಎಂದೆ.

"ನಾಣ್ಯ ಹಾಳಾಗಿ ಹೋಗಲಿ ಡಾಕ್ಟ್ರೇ. ಅಷ್ಟು ಜನರ ಎದುರು ಅವರಿಗೆ ಹಾಗೆ ಹೇಳಿದ್ದು ನನ್ನ ಬಾಯಿ ಅಲ್ವಾ? ಅದನ್ನು ಎಲ್ಲಿ ತೊಳೆಯುವುದು?"

ಅವರು ನಿಮ್ಮ ಅಂಗಡಿಗೆ ಬರುತ್ತಾರೆ, ಹಮೀದಾಕ. ಜೊತೆಗೆ ನಾನೂ ಬರುತ್ತೇನೆ ಎಂದದ್ದಕ್ಕೆ, "ನೀವು ಬೇಡ. ನೀವು ಆ ಮಹಡಿಯಲ್ಲೇ ಹೇಳಿ" ಎಂದರು.

ಬರುವ ಭಾನುವಾರ ಆ ಮಹಡಿಯಲ್ಲಿ ನಿಂತು ಇದನ್ನು ಓದುತ್ತೇನೆ. ನೀವು ಬನ್ನಿ ಎಂದು ಕರೆಯುವ ಮುಖ ನನಗಿಲ್ಲ. ಅಂದು ಚಪ್ಪಾಳೆ ತಟ್ಟಿದವರನ್ನು ಮಾತ್ರ ಒಬ್ಬೊಬ್ಬರಿಗೂ ಫೋನ್ ಮಾಡಿ ಕರೆದಿದ್ದೇನೆ.