ಗುಂಡ್ಲುಪೇಟೆ ಎಕ್ಸ್‌ಚೇಂಜಿನ ಅಕ್ಕ

ಕಂಪ್ಯೂಟರು ಇನ್ನು ಯಾವ ಯಾವ ಕೆಲಸಗಳನ್ನು ನುಂಗಲಿದೆ ಎಂದು ಮೊನ್ನೆ ಪತ್ರಿಕೆಯಲ್ಲಿ ಒಂದು ಪಟ್ಟಿ ಬಂದಿತ್ತು. ಗುಮಾಸ್ತರು, ಅನುವಾದಕರು, ಬ್ಯಾಂಕಿನ ಕೌಂಟರಿನವರು, ಹೀಗೆ ಉದ್ದಕ್ಕೆ. ಕನ್ನಡಕ ಏರಿಸಿಕೊಂಡು ನನ್ನದನ್ನು ಹುಡುಕಿದೆ. ಇರಲಿಲ್ಲ. ನುಂಗಿ ಅರಗಿಸಿಕೊಂಡು ಎಷ್ಟೋ ವರ್ಷವಾದದ್ದು ಪಟ್ಟಿಗೆ ಎಲ್ಲಿಂದ ಬರಬೇಕು! ನಾನು ಟೆಲಿಫೋನ್ ಆಪರೇಟರ್ ಆಗಿದ್ದೆ, ಗುಂಡ್ಲುಪೇಟೆಯಲ್ಲಿ, ಕೈಯಿಂದ ಲೈನು ಕೊಡುತ್ತಿದ್ದ ಕೊನೆಯ ವರ್ಷಗಳಲ್ಲಿ.

ಬೇಗೂರಿನಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಿದ್ದೆ. ಎಕ್ಸ್‌ಚೇಂಜ್ ಅಂದರೆ ಹೆಂಚಿನ ಒಂದು ಮನೆ, ಗೋಡೆಗೆ ಒರಗಿಸಿದ ಮರದ ಬೋರ್ಡು, ಬೋರ್ಡಿನ ತುಂಬ ತೂತುಗಳು, ತೂತಿಗೊಂದು ನಂಬರು. ಊರಲ್ಲಿ ಯಾರಾದರೂ ಫೋನೆತ್ತಿದರೆ ಅವರ ತೂತಿನ ಮೇಲಿನ ಬಿಲ್ಲೆ ಟಕ್ಕೆಂದು ಬೀಳುತ್ತಿತ್ತು. ವೈರು ಚುಚ್ಚಿ 'ನಂಬರ್ ಪ್ಲೀಸ್' ಅನ್ನಬೇಕೆಂದು ನನಗೆ ಟ್ರೈನಿಂಗಿನಲ್ಲಿ ಕಲಿಸಿದ್ದರು. ಗುಂಡ್ಲುಪೇಟೆಯಲ್ಲಿ ನಂಬರು ಹೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. "ಅಕ್ಕಾ, ಹೂವಿನ ಮಂಡಿಗೆ ಕೊಡಿ" ಅನ್ನುತ್ತಿದ್ದರು, ಅಷ್ಟೆ.

ಅಕ್ಕ ಅಂದರೆ ನಾನಲ್ಲ. ನನಗಿಂತ ಇಪ್ಪತ್ತು ವರ್ಷ ಮೊದಲೇ ಆ ಕುರ್ಚಿಯಲ್ಲಿ ಕೂತಿದ್ದವರು. ಇಡೀ ಪೇಟೆಗೆ ಅವರು ಅಕ್ಕ, ನನಗೂ ಅಕ್ಕ. "ಮಂಡಿಯೋರು ಈಗ ಬ್ಯಾಂಕಿಗೋಗವ್ರೆ, ಹತ್ ನಿಮ್ಷ ಬುಟ್ಕಂಡು ಮಾಡಪ್ಪ" ಎಂದು ಹೂವಿನ ವ್ಯಾಪಾರಿಗೆ ಹೇಳುವರು. ಕೇರಳದ ಕಡೆಯಿಂದ ತರಕಾರಿ ಸಾಹುಕಾರರು ಫೋನು ಮಾಡಿದರೆ ಅರೆಬರೆ ಮಲಯಾಳದಲ್ಲೇ ಅವರನ್ನು ಗದರುವರು. ಡಾಕ್ಟರು ಯಾರ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾರೆಂಬುದು ಡಾಕ್ಟರ ಹೆಂಡತಿಗೆ ಗೊತ್ತಿಲ್ಲದಿದ್ದರೂ ಅಕ್ಕನಿಗೆ ಗೊತ್ತಿರುತ್ತಿತ್ತು.

ಅವರು ಪಾಲಿಸುತ್ತಿದ್ದ ಒಂದು ಕ್ರಮವಿತ್ತು. ಯಾವ ರೂಲ್ ಪುಸ್ತಕದಲ್ಲೂ ಇಲ್ಲದ್ದು. ಇಲಾಖೆಗೆ ಗೊತ್ತಾಗಿದ್ದರೆ ಮೆಮೋ ಕೊಡುತ್ತಿತ್ತು. ಹೊರಗಿನಿಂದ ಯಾರಾದರೂ ಸಾವಿನ ಸುದ್ದಿ ತಿಳಿಸಲು ಫೋನು ಮಾಡಿದರೆ ಅಕ್ಕ ಲೈನನ್ನು ನೇರವಾಗಿ ಮನೆಗೆ ಕೊಡುತ್ತಿರಲಿಲ್ಲ. ಕರೆ ಮಾಡಿದವರ ಉಸಿರಾಟದಲ್ಲೇ ಅವರಿಗೆ ತಿಳಿಯುತ್ತಿತ್ತು. "ಲೈನ್ ಸಿಕ್ತಿಲ್ಲ, ಅಂಗೇ ಇರಪ್ಪ" ಎಂದು ಅವರನ್ನು ನಿಲ್ಲಿಸಿ, ಆ ಬೀದಿಯಲ್ಲಿ ಫೋನಿದ್ದ ಇನ್ನೊಬ್ಬರಿಗೆ ಹೇಳುವರು: "ಎದುರು ಮನೆಗೋಗಿ ಕೂತ್ಕೊ. ಏನೂ ಯೋಳ್ಬೇಡ, ಸುಮ್ನೆ ಕೂತ್ಕೊ." ಅಕ್ಕನ ಮನೆಯಿದ್ದ ಬೀದಿಯಲ್ಲಿ ಈ ಕೆಲಸ ರಾಗಿ ಮಿಲ್ಲಿನವನದು. ಅವನು ಟವೆಲಿನಿಂದ ಮೈಮೇಲಿನ ಹಿಟ್ಟು ಕೊಡವಿಕೊಂಡು ಹೋಗಿ ಜಗಲಿಯ ಮೇಲೆ ಕೂತ ಮೇಲೆಯೇ ಆ ಮನೆಯ ಫೋನು ಬಾರಿಸುತ್ತಿತ್ತು.

ಸೇರಿದ ಮೊದಲ ತಿಂಗಳಲ್ಲಿ ನಾನು ಇದನ್ನು ಮುರಿದೆ. ಅಕ್ಕ ಊಟಕ್ಕೆ ಹೋಗಿದ್ದರು. ಮೈಸೂರಿನಿಂದ ಬಂದ ಒಂದು ಕರೆಯನ್ನು ಹಾಗೇ ಒಂದು ಮನೆಗೆ ಕೊಟ್ಟುಬಿಟ್ಟೆ. ಒಂದು ಹೆಂಗಸಿನ "ಹಲೋ", ಆಮೇಲೆ ರಿಸೀವರು ನೆಲಕ್ಕೆ ಬಿದ್ದ ಸದ್ದು, ಆಮೇಲೆ ಏನೂ ಇಲ್ಲ. ಬಂದ ಅಕ್ಕ ನನ್ನನ್ನು ಬೈಯಲಿಲ್ಲ. ನನ್ನ ತಲೆಯ ಮೇಲಿನ ಹೆಡ್‌ಫೋನ್ ತೆಗೆದು ತಾವು ಹಾಕಿಕೊಂಡು, ಸಂಜೆವರೆಗೂ ವಾಪಸು ಕೊಡಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಯಂತ್ರ ಬಂದದ್ದು ತೊಂಬತ್ತರ ದಶಕದ ನಡುವೆ. ಬೀರುವಿನಷ್ಟು ಎತ್ತರದ ನಾಲ್ಕು ಪೆಟ್ಟಿಗೆಗಳು, ಅವಕ್ಕೊಂದು ಎ.ಸಿ. ರೂಮು. ನಮಗೆ ಫ್ಯಾನು ಕೊಡಿ ಎಂದು ಆರು ವರ್ಷ ಅರ್ಜಿ ಬರೆದಿದ್ದೆವು; ಅವು ಬಂದ ದಿನವೇ ಎ.ಸಿ. ಬಂತು! ಹಳೆಯ ನಂಬರುಗಳೆಲ್ಲ ಹೋಗಿ ಹೊಸ ಉದ್ದನೆಯ ನಂಬರುಗಳು ಬಂದವು. ಊರು ಸಂಭ್ರಮಪಟ್ಟಿತು, ಸುಳ್ಳೇಕೆ ಹೇಳಲಿ. ಯಾರನ್ನೂ ಕೇಳದೆ ಮೈಸೂರಿಗೆ ತಾವೇ ಮಾತಾಡಬಹುದು, ಕದ್ದು ಕೇಳುವವರಿಲ್ಲ. ಬೋರ್ಡು ಬಿಚ್ಚಿಕೊಂಡು ಹೋಗಲು ಬಂದವರಿಗೆ ಅಕ್ಕನೇ ಟೀ ತರಿಸಿಕೊಟ್ಟರು.

ನನ್ನನ್ನು ಚಾಮರಾಜನಗರಕ್ಕೆ ಹಾಕಿದರು, ಫೋನು ಕೆಟ್ಟಿದೆ ಎಂಬ ದೂರು ಬರೆದುಕೊಳ್ಳುವುದಕ್ಕೆ. ಅಕ್ಕ ಸ್ವಯಂ ನಿವೃತ್ತಿ ತೆಗೆದುಕೊಂಡರು. ಅವರ ಮನೆಗೆ ಇಲಾಖೆ ಒಂದು ಫೋನು ಕೊಟ್ಟಿತು. "ಊರಿಗೆಲ್ಲಾ ಲೈನ್ ಕೊಟ್ಟೆ ಕಣಮ್ಮಿ, ಈಗ ನಂಗೂ ಒಂದು ಬಂತು ನೋಡು" ಎಂದು ಅದರಲ್ಲೇ ನನಗೆ ಫೋನು ಮಾಡಿ ನಕ್ಕಿದ್ದರು. ಮಕ್ಕಳಿರಲಿಲ್ಲ. ಅವರ ಯಜಮಾನರು ಪುಣಜನೂರಿನಲ್ಲಿ ಶಾಲೆ ಮೇಷ್ಟ್ರು. ಶನಿವಾರ ಬಂದು ಸೋಮವಾರ ಬೆಳಿಗ್ಗೆ ಹೊರಟು, ಚಾಮರಾಜನಗರದಲ್ಲಿ ಬಸ್ಸು ಬದಲಿಸಿ ಹೋಗುವರು.

ಅಂಥ ಒಂದು ಸೋಮವಾರ ಹತ್ತೂಮುಕ್ಕಾಲಿಗೆ ನಮ್ಮ ಲೈನ್‌ಮನ್ ಸೈಕಲ್ಲನ್ನು ಬಾಗಿಲಲ್ಲೇ ಬೀಳಿಸಿ ಒಳಗೆ ಬಂದ. "ಮೇಡಂ, ಅಕ್ಕಾರ ಮೇಷ್ಟ್ರು ಬಸ್‌ಸ್ಟ್ಯಾಂಡಲ್ಲಿ ಬಿದ್ಬುಟ್ರು. ಆಸ್ಪತ್ರೆಗೆ ತಕ್ಕೊಂಡೋಗೋ ಒತ್ಗೆ ಮುಗ್ದೋಗಿತ್ತು."

ನನ್ನ ಕೈ ತಾನಾಗಿ ಫೋನಿಗೆ ಹೋಯಿತು. ರಾಗಿ ಮಿಲ್ಲು, ಮೂವತ್ತೊಂದು. ಮೂವತ್ತೊಂದು ಎಲ್ಲಿದೆ ಈಗ? ಗುಂಡ್ಲುಪೇಟೆಯ ಎಲ್ಲ ನಂಬರುಗಳೂ ನನಗೆ ಬಾಯಿಪಾಠ, ಅವುಗಳಲ್ಲಿ ಒಂದೂ ಕೆಲಸಕ್ಕೆ ಬರುವಂಥದ್ದಲ್ಲ. ಅಲ್ಲಿನ ಎಕ್ಸ್‌ಚೇಂಜಿಗೇ ಮಾಡಿದೆ. ಬೀಗ ಹಾಕಿದ ಆ ತಂಪು ರೂಮಿನಲ್ಲಿ ಗಂಟೆ ಬಾರಿಸಿತು, ಬಾರಿಸಿತು, ನಿಂತಿತು. ಎತ್ತಲು ಅಲ್ಲಿ ಮನುಷ್ಯರಾದರೂ ಯಾರಿದ್ದರು?

"ಅಕ್ಕಂಗೇ ನೇರವಾಗಿ ಮಾಡ್ಬುಡಿ ಮೇಡಂ" ಎಂದ ಲೈನ್‌ಮನ್.

"ಸುಮ್ನಿರಪ್ಪ, ಒಬ್ಬರೇ ಇರ್ತಾರೆ ಮನೇಲಿ" ಎಂದು ಅವನ ಮೇಲೆ ರೇಗಿದೆ. ಅವನು ಆಸ್ಪತ್ರೆಗೆ ವಾಪಸು ಹೋದ.

ಹೊಸ ನಂಬರುಗಳ ಪಟ್ಟಿ ಹೆಡ್‌ಕ್ಲರ್ಕ್ ಡ್ರಾಯರಿನಲ್ಲಿ ಸಿಗುವ ಹೊತ್ತಿಗೆ ಹನ್ನೊಂದಾಗಿತ್ತು. ಮಿಲ್ಲಿಗೆ ಮಾಡಿದೆ. ಮಿಲ್ಲು ಓಡುತ್ತಿರುವಾಗ ಅವನಿಗೆ ಗಂಟೆ ಕೇಳುವುದಿಲ್ಲ. ಹಿಂದೆ ನಾವು ಅವನು ಎತ್ತುವ ತನಕ ಬಿಡದೆ ಬಾರಿಸುತ್ತಿದ್ದೆವು. ಯಂತ್ರಕ್ಕೆ ಅಷ್ಟು ತಾಳ್ಮೆಯಿಲ್ಲ, ಒಂದು ಲೆಕ್ಕಕ್ಕೆ ನಿಲ್ಲಿಸಿಬಿಡುತ್ತದೆ. ಮತ್ತೆ ಮಾಡಿದೆ, ಮತ್ತೆ ನಿಲ್ಲಿಸಿತು. ನಾಲ್ಕನೆಯ ಸಲಕ್ಕೆ ಭಯವಾಗಿ, ಏನು ಮಾತಾಡುತ್ತೇನೆಂದು ಯೋಚಿಸದೆ ಅಕ್ಕನ ನಂಬರನ್ನೇ ಒತ್ತಿದೆ. ಎಂಗೇಜ್.

ಯಾರು ಮಾತಾಡುತ್ತಿರಬಹುದೆಂದು ನನಗೆ ಗೊತ್ತಾಗಿಹೋಯಿತು. ವಿವರ ಆಮೇಲೆ ತಿಳಿಯಿತು: ಮೇಷ್ಟ್ರ ಜೇಬಿನ ಡೈರಿಯಲ್ಲಿ ಮನೆಯ ನಂಬರಿತ್ತು. ಬಸ್‌ಸ್ಟ್ಯಾಂಡಿನಿಂದ ಅವರನ್ನು ಎತ್ತಿಕೊಂಡು ಹೋದವರಲ್ಲಿ ಒಬ್ಬ ಒಳ್ಳೆಯ ಮನುಷ್ಯ ಆಸ್ಪತ್ರೆ ಎದುರಿನ ಎಸ್.ಟಿ.ಡಿ. ಬೂತಿಗೆ ಹೋಗಿ ಆ ನಂಬರು ಒತ್ತಿದ್ದ. ಒಂದೇ ಸಲಕ್ಕೆ ಸಿಕ್ಕಿತ್ತು.

ಸಿಕ್ಕ ಬಸ್ಸು ಹತ್ತಿದೆ. ತೆರಕಣಾಂಬಿ ದಾಟುವಾಗ ಹೊಳೆಯಿತು: ಹತ್ತೂಮುಕ್ಕಾಲಿಗೇ ಅಕ್ಕನಿಗೆ ಫೋನು ಮಾಡಿ ಹುಳಿಗೆ ಏನು ಹಾಕಿದಿರಿ, ಸೀರೆ ಎಲ್ಲಿ ತಂದಿರಿ ಎಂದು ಹರಟುತ್ತಾ ಇದ್ದಿದ್ದರೆ ಲೈನು ಎಂಗೇಜ್ ಇರುತ್ತಿತ್ತು. ಆ ಮನುಷ್ಯನಿಗೆ ಸಿಗುತ್ತಲೇ ಇರಲಿಲ್ಲ. ಆ ಹೊತ್ತಿನಲ್ಲಿ ಇನ್ನೊಂದು ಫೋನಿನಿಂದ ಯಾರಾದರೂ ಮಿಲ್ಲಿಗೆ ಹೇಳಬಹುದಿತ್ತು. ಹತ್ತು ವರ್ಷ ಆಪರೇಟರ್ ಆಗಿದ್ದವಳಿಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ಬಸ್ಸಿನಲ್ಲೇ ಅಳು ಬಂತು. ಪಕ್ಕದ ಹೆಂಗಸು ವಾಂತಿಯೇನೋ ಎಂದು ಕಿಟಕಿ ಬಿಟ್ಟುಕೊಟ್ಟಳು.

ಅಕ್ಕನ ಮನೆ ಮುಂದೆ ಜನ ಸೇರಿದ್ದರು. ದೇಹ ತರಲು ನಾಲ್ಕು ಜನ ಜೀಪು ಮಾಡಿಕೊಂಡು ಹೋಗಿದ್ದರು. ಮಿಲ್ಲಿನವನು ಜಗಲಿಯ ಮೇಲೆ ಕೂತಿದ್ದ, ರೆಪ್ಪೆಯ ಮೇಲೆಲ್ಲ ಹಿಟ್ಟು. ನನ್ನನ್ನು ನೋಡಿದ್ದೇ ಎದ್ದು ಬಂದ.

"ಅಕ್ಕನೇ ಮಿಲ್ ತಾವ ಬಂದ್ರು ಕಣವ್ವಾ. 'ಮಿಲ್ ನಿಲ್ಸಪ್ಪ, ಒಂದ್ ಮನೇಲಿ ಓಗಿ ಕೂತ್ಕೋಬೇಕು ನೀನು' ಅಂದ್ರು. ಮೊದ್ಲಿಂದ್ಲೂ ಮಾಡ್ತಿದ್ದ ಕೆಲ್ಸ ಅಲ್ವಾ, ನಾನು ಮೈ ಕೊಡವ್ಕಂಡು ಒಂಟ್ಬುಟ್ಟೆ. ಯಾರ್ ಮನೇಲಕ್ಕಾ ಅಂದೆ." ಅವನು ಟವೆಲಿನ ತುದಿಯಿಂದ ರೆಪ್ಪೆಯ ಹಿಟ್ಟು ಒರೆಸಿಕೊಂಡ. "'ನಮ್ಮನೇಲೇ ಕಣಪ್ಪ' ಅಂದ್ರು."

ಒಳಗೆ ಅಕ್ಕ ಗೋಡೆಗೆ ಒರಗಿ ಕೂತಿದ್ದರು. ಸುತ್ತ ಹೆಂಗಸರಿದ್ದರು. ನಾನು ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡೆ. ಅಕ್ಕ ಮೆಲ್ಲಗೆ ಕೇಳಿದರು: "ನಿಂಗೆ ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹತ್ತೂಮುಕ್ಕಾಲ್ಗೆ."

"ನಂಗೆ ಅನ್ನೊಂದ್ ಗಂಟೆ ಮ್ಯಾಲೆ ಬಂತು. ಯಾರೋ ತಮಿಳ್ನೋನು, ಪಾಪ. ನಮ್ ಮಾತು ಸರ್ಯಾಗಿ ಬರ್ನಿಲ್ಲ ಅವ್ನಿಗೆ. ನಂಗೆ ಅರ್ಥ ಆಯ್ತಿತ್ತು, ಆದ್ರೂ ಏನು, ಏನು ಅಂತ ಕೇಳ್ತಾನೇ ಇದ್ದೆ. ಮೂರ್ ಸಲ ಯೋಳ್ದ."

ನಾನು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಮಿಲ್ಲಿನ ನಂಬರು, ಬೀಗ ಹಾಕಿದ ರೂಮು, ಹೆಡ್‌ಕ್ಲರ್ಕ್ ಡ್ರಾಯರು. "ನೀವೊಬ್ರೇ ಇದ್ರಲ್ಲಕ್ಕಾ, ಅದಕ್ಕೇ ನಿಮಗೆ ಮಾಡ್ಲಿಲ್ಲ" ಎಂದೆ.

"ನೀನ್ ಮಾಡಿದ್ರೆ ನಾನು ಒಬ್ಳೇ ಆಯ್ತಿದ್ನೇನಮ್ಮಿ?"

ಬೈಗುಳದ ದನಿಯಲ್ಲ ಅದು. ನಿಜವಾಗಿಯೂ ತಿಳಿಯದೆ ಕೇಳಿದಂತಿತ್ತು. ನಾನು ಏನಾದರೂ ಹೇಳುತ್ತೇನೆಂದು ನನ್ನ ಮುಖವನ್ನೇ ನೋಡುತ್ತಾ ಕೂತರು.